ಓಗೊಡುವ ಕೆಲಸ

ತುಂಗಭದ್ರೆಯ ದಡದಲ್ಲಿ ಒಂದು ಚಿಕ್ಕ ಮಠ. ಅಲ್ಲಿ ಉಣ್ಣುವವರೆಲ್ಲ ಏನಾದರೊಂದು ಕೆಲಸ ಮಾಡಲೇಬೇಕು. ಪಂಪಣ್ಣನವರ ಪಾಲಿಗೆ ಬಂದದ್ದು, ಆಚೆ ದಡದಿಂದ ಯಾರಾದರೂ ಕೂಗಿದರೆ ಓಗೊಡುವ ಕೆಲಸ.

ಹರಿಗೋಲು ನಡೆಸುವವನು ದುರುಗಪ್ಪ. ಹೊಳೆಯ ಸೆಳವು ಜೋರು. ಅವನು ಈಚೆ ದಡಕ್ಕೆ ಅಂಟಿಕೊಂಡೇ, ಜಂಬುಹುಲ್ಲಿನ ಮರೆಯಲ್ಲಿ, ಬಂಡೆಯ ತಿರುವಿನ ತನಕ ಮೇಲಕ್ಕೆ ಹೋಗಿ, ಆಮೇಲೆ ಅಡ್ಡ ಹಾಯಬೇಕು. ಹೊರಟದ್ದು ಆಚೆ ನಿಂತವರಿಗೆ ಕಾಣುತ್ತಿರಲಿಲ್ಲ.

ಅದಕ್ಕೇ ಪಂಪಣ್ಣನವರು ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು, "ಓ... ಬಂದ್ವಿ!" ಎನ್ನುತ್ತಿದ್ದರು. ಅಷ್ಟೇ. ಕೂಗಿದವರು ಗಂಟು ಕೆಳಗಿಟ್ಟು ಮರದ ನೆರಳಿಗೆ ಕೂರುತ್ತಿದ್ದರು. ಇವರೂ ಇಲ್ಲಿ ಕೂರುತ್ತಿದ್ದರು.

ಮಠ ಸೇರುವ ಮೊದಲು ಪಂಪಣ್ಣನವರು ಕಾರ್ಖಾನೆಗಳಿಗೆ ಬೇರಿಂಗು, ಬೆಲ್ಟು, ಚೈನುಗಳನ್ನು ಸಗಟಾಗಿ ಒದಗಿಸುವ ಕಂಪನಿಯಲ್ಲಿದ್ದವರು. ದೇಶದ ಉದ್ದಗಲಕ್ಕೂ ಕಾರ್ಖಾನೆ ಹರಡಿಕೊಂಡ ದೊಡ್ಡ ಗಿರಾಕಿಗಳನ್ನು ಸಂಭಾಳಿಸುವುದು ಒಂದು ವಿದ್ಯೆ. ಅದರಲ್ಲಿ ಅವರದು ಎತ್ತಿದ ಕೈ. ಅವರ ಬೆನ್ನ ಹಿಂದೆ ನಡೆದು ಆ ವಿದ್ಯೆ ಕಲಿತವನು ಸುಧನ್ವ.

ಒಂದು ಬೆಳಗ್ಗೆ ಸುಧನ್ವ ಮಠಕ್ಕೆ ಬಂದ. ಬೂಟು ಮಿರಮಿರ ಮಿಂಚುತ್ತಿತ್ತು. ಮುಖ ಮಾತ್ರ ಮಗಳನ್ನು ಗಂಡನ ಮನೆಗೆ ಕಳಿಸಿದ ಮನೆಯ ಹಾಗಿತ್ತು.

"ಗುರುಗಳೇ, ಸಿಮೆಂಟಿನವರು ನಮ್ಮನ್ನು ಬಿಟ್ಟು ಹೋದರು."

ಆ ಸಿಮೆಂಟು ಕಂಪನಿ ಪಂಪಣ್ಣನವರೇ ಕಟ್ಟಿ ಬೆಳೆಸಿ ಅವನ ಕೈಗಿಟ್ಟ ಗಿರಾಕಿ. ಬಿಹಾರದಿಂದ ಸೌರಾಷ್ಟ್ರದ ತನಕ ಅದರ ಕಾರ್ಖಾನೆಗಳು. ಪಂಪಣ್ಣನವರು ಹುಬ್ಬು ಕೂಡ ಏರಿಸಲಿಲ್ಲ.

"ನಾಷ್ಟಾ ಆತೇನು?"

"ಗಂಟಲಲ್ಲಿ ಇಳಿಯಲ್ಲ."

ಸುಧನ್ವ ಅವರ ಪಕ್ಕದ ಕಲ್ಲಿನ ಮೇಲೆ ಕೂತ. ಫೋನು ತೆಗೆದು ಮುಂದಿಟ್ಟುಕೊಂಡ. ಮಾತಿಗೊಮ್ಮೆ ಅವನ ಕಣ್ಣು ಅದರ ಮೇಲೆ ಹೋಗುತ್ತಿತ್ತು.

"ಯಾರದರ ಫೋನು ಬರೋದೈತೇನು?"

"ಯಾರದೂ ಬರಲ್ಲ ಗುರುಗಳೇ. ಅದೇ ಸಂಕಟ." ಅವನ ದನಿ ಕೆಳಗಿಳಿಯಿತು. "ಮೊದಲು ಉಣ್ಣೋಕೆ ಕೂತರೆ ಫೋನು, ಮಲಗಿದರೆ ಫೋನು. ಬಿಹಾರದವರು ಬೈದುಕೊಂಡೇ ಮಾತು ಶುರು ಮಾಡೋರು. ಸೌರಾಷ್ಟ್ರದವರು ಬೆಲ್ಟು ಕೇಳೋಕೆ ಮುಂಚೆ ಮಳೆ ಬಂತಾ ಅಂತ ಕೇಳೋರು. ಭೀಮಾ ತೀರದ ಮಹಿಬೂಬ್ ಸಾಹೇಬರಂತೂ, 'ಏನ್ರಿ ಸುಧನ್ವ, ಉಂಡ್ರೇನ್ರಿ?' ಅಂದ ಮೇಲೇ ಬೇರಿಂಗಿನ ಸುದ್ದಿ. ಆಗ ಎಷ್ಟು ಶಪಿಸಿದ್ದೀನಿ! ಈಗ ಮನೆಯಲ್ಲಿ ಪಾತ್ರೆ ಸದ್ದಾದರೂ ಫೋನೇ ಅಂತ ಏಳ್ತೀನಿ."

ಮಹಿಬೂಬ್ ಸಾಹೇಬರು ಭೀಮಾ ತೀರದ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವರು. ಪಂಪಣ್ಣನವರ ಹಳೆಯ ಸ್ನೇಹಿತರು.

"ಬಿಟ್ಟು ಹೋದದ್ದು ಯಾಕ?"

"ರೇಟು. ಬೇರೆಯವರು ಕಡಿಮೆ ಮಾಡಿದರು. ನಾಡಿದ್ದು ಸಿಮೆಂಟಿನವರ ಮುಂಬೈ ಹೆಡ್ ಆಫೀಸಿನಲ್ಲಿ ಭೇಟಿ ಸಿಕ್ಕಿದೆ. ನಾನು ಆ ಬೇರೆಯವರಿಗಿಂತ ಕೆಳಗೆ ಇಳಿಸಿ ಕೊಡ್ತೀನಿ. ಇದೊಂದೇ ಅವಕಾಶ. ನಿಮ್ಮ ಆಶೀರ್ವಾದ ಬೇಕು."

"ರೇಟಿಗಿಂತ ಮುಂಚೆ ಏನಾತು?"

ಸುಧನ್ವ ಹೊಳೆಯ ಕಡೆ ನೋಡಿದ.

"ಭೀಮಾ ತೀರದಲ್ಲಿ ಬೇರಿಂಗು ಒಡೆದು, ಸಿಮೆಂಟು ಸುಡುವ ದೊಡ್ಡ ತಿರುಗು ಕುಲುಮೆ ನಿಂತಿತು. ಅದರಲ್ಲಿ ನಮ್ಮ ತಪ್ಪೇನಿಲ್ಲ. ದೇಶಕ್ಕೆಲ್ಲ ಒಂದೇ ನಂಬರು ಅಂತ ನಾನೇ ಮಾಡಿಸಿದ್ದೆ. ಯಾವ ಊರಿನವರಿಗೆ ಏನು ಬೇಕಾದರೂ ಆ ನಂಬರಿಗೆ ಹೇಳಬೇಕು. ಹೆಡ್ ಆಫೀಸಿನವರು ಭೇಷ್ ಅಂದಿದ್ದರು. ಆವತ್ತೂ ಭೀಮಾ ತೀರದವರು ಆ ನಂಬರಿಗೇ ಹೇಳಿದರು. ಬೇರಿಂಗು ಆ ಗಳಿಗೆಗೇ ಲಾರಿ ಹತ್ತಿತು. ಕರಾರಿಗಿಂತ ಮುಂಚೆಯೇ ಮುಟ್ಟಿತು."

"ಸಾಹೇಬ್ರು ನಿನಗ ಫೋನು ಮಾಡಲಿಲ್ಲೇನು?"

"ಮಾಡಿದ್ದರು."

"ಮತ್ತ?"

"ಎತ್ತಲಿಲ್ಲ. ಒಬ್ಬರದು ಎತ್ತಿದರೆ ಎಲ್ಲರೂ ಮತ್ತೆ ನನಗೇ ಮಾಡ್ತಾರೆ ಅಂತ ಹಾಗೇ ಬಿಟ್ಟೆ. ಬಹಳ ಹೊತ್ತು ಬಡಕೊಳ್ತು." ಸುಧನ್ವನ ದನಿ ಏರಿತು. "ಎತ್ತಿದ್ದರೆ ಲಾರಿಗೇನು ರೆಕ್ಕೆ ಬರ್ತಿತ್ತಾ ಗುರುಗಳೇ? ಕಳಿಸಿದ್ದೆನಲ್ಲ!"

ಪಂಪಣ್ಣನವರು ಆಚೆ ದಡದ ಕಡೆ ಕೈ ಮಾಡಿದರು.

"ಅಲ್ಲಿ ಸಿದ್ದವ್ವನ ಎಲೆತೋಟ ಐತಿ. ಪೂಜಿಗೆ ಎಲಿ ಬೇಕು. ತಗೊಂಡು ಬಾ."

ಸುಧನ್ವ ಬೂಟು ಬಿಚ್ಚಿದ. ಫೋನಿಗೆ ಕೈ ಹಾಕಿದ.

"ಅದು ಇಲ್ಲೇ ಇರಲಿ," ಎಂದರು ಪಂಪಣ್ಣನವರು. "ಬಂದ್ರ ನಾ ಎತ್ತತೀನಿ."

ಆ ಮಾತು ಅವನಿಗೆ ಚುರುಕ್ಕೆಂದಿತು. ಫೋನು ಅಲ್ಲೇ ಬಿಟ್ಟು ಹರಿಗೋಲು ಹತ್ತಿದ. ದುರುಗಪ್ಪ ಅವನನ್ನು ಆಚೆ ಬಿಟ್ಟು ಹಿಂದಿರುಗಿದ.

ಎಲೆ ಕೊಯ್ಯಿಸಿಕೊಂಡು ಸುಧನ್ವ ನೀರಿನ ಬಳಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮಠದ ದಡದಲ್ಲಿ, ಕಲ್ಲಿನ ಮೇಲೆ, ಗುರುಗಳ ಬಿಳಿ ಅಂಗಿ ಕಾಣುತ್ತಿತ್ತು.

"ಓ..." ಎಂದು ಕೂಗಿದ.

ಉತ್ತರ ಬರಲಿಲ್ಲ.

ಗಾಳಿ ಎದುರಿಗಿದ್ದೀತು ಎಂದುಕೊಂಡು ಇನ್ನೂ ಜೋರಾಗಿ ಕೂಗಿದ. ಬಿಳಿ ಅಂಗಿ ಅಲುಗಿತು. ಇವನ ಕಡೆ ಮುಖ ತಿರುಗಿದ್ದು ಚೆನ್ನಾಗಿ ಕಂಡಿತು. ಆದರೆ ಅವರು ಏಳಲಿಲ್ಲ, ಬಾಯಿಗೆ ಕೈ ಇಡಲಿಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ಅನುಮಾನ. ದುರುಗಪ್ಪ ಉಣ್ಣಲು ಮನೆಗೆ ಹೋದನೋ ಏನೋ. ಮರದ ನೆರಳು ಹತ್ತಿರದಲ್ಲೇ ಇತ್ತು, ಆದರೆ ಅಲ್ಲಿಗೆ ಹೋದರೆ ತಾನು ಕಾಣದೇ ಹೋದೇನು ಎಂದು ಸುಡುವ ಮರಳಿನಲ್ಲೇ ನಿಂತ. ಕಾಲು ಎತ್ತಿ ಇಟ್ಟು ಮಾಡುತ್ತ ಮತ್ತೆ ಮತ್ತೆ ಕೂಗಿದ. ಕೈಯಲ್ಲಿದ್ದ ಎಲೆ ಬಾಡತೊಡಗಿತು.

ಹರಿಗೋಲು ತಡವಾಗಲಿ, ಸಂಜೆಯಾಗಲಿ, ಪರವಾಗಿಲ್ಲ. ಒಬ್ಬರು ಒಂದು ಸಲ ಓ ಅಂದರೆ ಸಾಕು ಎಂದು ಅವನ ಜೀವ ಹಂಬಲಿಸಿತು.

ದನಿ ಪೂರಾ ಬಿದ್ದುಹೋದ ಮೇಲೆ ಬಂಡೆಯ ತಿರುವಿನಲ್ಲಿ ಹರಿಗೋಲು ಕಾಣಿಸಿತು. ಹತ್ತಿದವನೇ ದುರುಗಪ್ಪನನ್ನು ಕೇಳಿದ:

"ಯಾವಾಗ ಹೊರಟೆಯಪ್ಪಾ?"

"ನೀವು ಒಂದ್ನೇ ಸಲ ಕೂಗಿದ್ರಲ್ರಿ, ಆವಾಗ್ಲೇ ಹೊಂಟೀನಿ. ಪಂಪಣ್ಣಜ್ಜಾರು ಹೋಗು ಅಂದ್ರು."

ಈಚೆ ದಡ ಮುಟ್ಟುತ್ತಲೇ ಸುಧನ್ವ ಒದ್ದೆ ಕಾಲಿನಲ್ಲೇ ಗುರುಗಳ ಬಳಿ ಹೋದ.

"ನಾನು ಕೂಗಿದ್ದು ಕೇಳಿಸಲಿಲ್ಲವೇ?"

"ಕೇಳಿಸ್ತು."

"ಮತ್ತೆ ಯಾಕೆ ಓ ಅನ್ನಲಿಲ್ಲ?"

"ಅಂದಿದ್ರ ಹರಿಗೋಲಿಗೇನು ರೆಕ್ಕಿ ಬರ್ತಿತ್ತೇನೋ? ಕಳಿಸಿದ್ನಲ್ಲ."

ಸುಧನ್ವ ಬಾಡಿದ ಎಲೆಯನ್ನು ಗುರುಗಳ ಮುಂದಿಟ್ಟ. ದುಃಖ ಒತ್ತರಿಸಿ ಬಂತು. ಮುಖ ತೊಳೆಯುವ ನೆಪದಲ್ಲಿ ಹೊಳೆಗಿಳಿದು, ತೊಳೆದದ್ದನ್ನೇ ತೊಳೆದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಗಿತ್ತು ಅವನ ಬಾಳು.

ತಿರುಗಿ ಬಂದು ಮೆಲ್ಲಗೆ ಕೇಳಿದ:

"ಫೋನು ಬಂದಿತ್ತಾ?"

"ಇಲ್ಲ."

ಅಷ್ಟರಲ್ಲಿ ಆಚೆ ದಡದಿಂದ ಕೂಗು ಕೇಳಿತು. ಒಬ್ಬ ಮುದುಕಿ, ತಲೆಯ ಮೇಲೆ ಗಂಟು. ಪಂಪಣ್ಣನವರು ಮೊಣಕಾಲಿಗೆ ಕೈ ಕೊಟ್ಟು ಏಳುವಷ್ಟರಲ್ಲಿ ಸುಧನ್ವ ಎದ್ದು ನಿಂತಿದ್ದ. ಎರಡೂ ಕೈ ಬಾಯಿಗಿಟ್ಟು, ಬಿದ್ದುಹೋದ ದನಿಯಲ್ಲೇ, "ಓ... ಬಂದ್ವಿ!" ಎಂದ.

ಮುದುಕಿ ಗಂಟು ಇಳಿಸಿದಳು. ಮರದ ನೆರಳಿಗೆ ಹೋಗಿ ಕಾಲು ಚಾಚಿ ಕೂತಳು.

ಸುಧನ್ವ ಅವಳನ್ನೇ ನೋಡುತ್ತ ನಿಂತ. ದುರುಗಪ್ಪ ಹುಲ್ಲಿನ ಮರೆಗೆ ಸರಿದು ಹೋದ.

"ಗುರುಗಳೇ, ಮುಂಬೈ ಹಾಳಾಗಿ ಹೋಗಲಿ. ಗಿರಾಕಿ ಸಿಗಲಿ, ಬಿಡಲಿ. ಸಾಹೇಬರು ಇನ್ನೊಂದು ಸಲ, ಒಂದೇ ಒಂದು ಸಲ ನನಗೆ ಫೋನು ಮಾಡಿ 'ಉಂಡ್ರೇನ್ರಿ' ಅಂದರೆ ಸಾಕು. ಮಾಡ್ತಾರಾ?"

ಪಂಪಣ್ಣನವರು ಕಲ್ಲಿನ ಮೇಲಿದ್ದ ಫೋನು ಎತ್ತಿ ಅವನ ಕೈಗೆ ಕೊಟ್ಟರು.

"ಅವ್ರು ಆವತ್ತೇ ಮಾಡಿ ಆಗೇತಲ್ಲೋ ತಮ್ಮಾ. ನೀ ಓ ಅನ್ನೋದು ಬಾಕಿ ಐತಿ."