ಒಣಗಿದ ಕೈಯಲ್ಲಿ ಟ್ರೌಟ್

ಬೆಟ್ಟದ ನೆತ್ತಿಗೆ ಹತ್ತಿರ ಒಂದು ತಣ್ಣನೆಯ ಹೊಳೆ. ಅದರ ದಂಡೆಯಲ್ಲಿ ಬೋಪಯ್ಯ ಗುರುಗಳ ಗಾಳದ ಬಳಗ. ಕೊಕ್ಕೆಗೆ ಹುಂಜದ ಗರಿ ಸುತ್ತಿ, ಅದನ್ನು ನೊಣದಂತೆ ನೀರಿನ ಮೇಲೆ ಆಡಿಸಿ ಟ್ರೌಟ್ ಮೀನು ಹಿಡಿಯುವುದು ಅವರ ಕೆಲಸ. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವುದು ಅವರ ಕಟ್ಟಳೆ.

ಕೆಳಗಿನ ಊರಿನವರಿಗೆ ಇದೊಂದು ತಮಾಷೆ. ದಿನವಿಡೀ ಮೀನು ಹಿಡಿದು ಮನೆಗೆ ಹೋಗಿ ಬೇಳೆಸಾರು ಉಣ್ಣುವ ಪುಣ್ಯಾತ್ಮರು ಎಂದು ನಗುತ್ತಿದ್ದರು. ನಗುವವರದೂ ತಪ್ಪಲ್ಲ ಬಿಡಿ.

ನೀಲಕಂಠನೆಂಬ ಶಿಷ್ಯನಿಗೆ ಆ ಬಳಗ ಸೇರುವುದೊಂದೇ ಆಸೆ. ಮೊದಲ ಮೀನು ಹಿಡಿದು, ಅದನ್ನು ಜೀವಂತ ಬಿಟ್ಟವನು ಬಳಗದವನಾಗುತ್ತಿದ್ದ. ಮೀನು ಸತ್ತರೆ ಗಾಳದ ಕೋಲು ಕೆಳಗಿಟ್ಟು ಮನೆಗೆ ಹೊರಡಬೇಕಿತ್ತು.

"ಗುರುಗಳೇ, ಈ ಬಳಗ ಹುಟ್ಟಿದ್ದಾದರೂ ಯಾಕೆ?" ಎಂದು ಅವನು ಆಗಾಗ ಕೇಳುತ್ತಿದ್ದ.

"ದಾರ ಗಂಟು ಬಿದ್ದಿದೆ ನೋಡು, ಬಿಡಿಸು" ಎನ್ನುತ್ತಿದ್ದರು ಗುರುಗಳು.

ಒಂದು ಬೆಳಗ್ಗೆ ನೀಲಕಂಠನ ಕೋಲು ಬಾಗಿತು.

ಅವನು ದಾರ ಎಳೆದುಕೊಳ್ಳತೊಡಗಿದ. ಮೀನನ್ನು ಮೆಲ್ಲಗೆ ದಂಡೆಗೆ ತಂದ, ಕೊಕ್ಕೆ ಬಿಡಿಸಿದ. ಮೈಮೇಲೆಲ್ಲ ಕೆಂಪು ಚುಕ್ಕೆಗಳು. ಎರಡೂ ಕೈಯಲ್ಲಿ ಮೇಲೆತ್ತಿ, ಆಚೆ ದಡದಲ್ಲಿದ್ದ ಗುರುಗಳಿಗೆ ಕಾಣಲೆಂದು ಬಿಸಿಲಿಗೆ ಹಿಡಿದ.

"ಗುರುಗಳೇ, ನೋಡಿ! ಎಷ್ಟು ಚೆನ್ನಾಗಿದೆ ನೋಡಿ!"

ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿಸಿ ತೋರಿಸಿದ. ಮದುವೆ ಹೆಣ್ಣನ್ನು ತೋರಿಸುವವರೂ ಅಷ್ಟು ಹೊತ್ತು ತೋರಿಸುವುದಿಲ್ಲ.

ಗುರುಗಳು ಸೊಂಟದ ತನಕ ನೀರಿಗಿಳಿದು ಹೊಳೆ ದಾಟಿ ಬಂದರು. ಅಷ್ಟರಲ್ಲಿ ಮೀನು ಒದ್ದಾಡುವುದನ್ನು ಬಿಟ್ಟಿತ್ತು.

"ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಂಡ್ಯಾ?"

ನೀಲಕಂಠ ಅಂಗೈ ನೋಡಿಕೊಂಡ. ಒಣಗಿದ ಕೈಗೆ ಮೀನಿನ ಮೈಯ ಲೋಳೆ ಅಂಟಿತ್ತು. ಆ ಲೋಳೆ ಹೋದರೆ ಮೀನಿಗೆ ಕಾಯಿಲೆ ಹತ್ತುತ್ತದೆ ಎಂಬುದು ಅವನು ಕಲಿತ ಮೊದಲ ಪಾಠ. ಸಂತೋಷದಲ್ಲಿ ಅದೇ ಮರೆತುಹೋಗಿತ್ತು.

"ಇಲ್ಲ ಗುರುಗಳೇ" ಎಂದ. ಅವನಿಗೆ ಅಳುವೇ ಬಂತು.

ಗುರುಗಳು ಬೈಯಲಿಲ್ಲ. ಅವನ ಮಣಿಕಟ್ಟು ಹಿಡಿದು ಮೀನಿನ ಸಮೇತ ನೀರಿಗೆ ಇಳಿಸಿದರು.

"ಅದರ ಮುಖ ನೀರು ಬರೋ ಕಡೆಗೆ ತಿರುಗಿಸು. ಅದುಮಬೇಡ. ಅಂಗೈ ಮೇಲೆ ಮಲಗಿಸ್ಕೋ."

"ಎಷ್ಟು ಹೊತ್ತು?"

"ಅದೇ ಹೇಳುತ್ತೆ."

ಹೊಳೆಯ ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ನೀಲಕಂಠನ ಬೆರಳುಗಳು ಮರಗಟ್ಟಿದವು. ಮೀನು ಮಾತ್ರ ಕದಲಲಿಲ್ಲ.

ಗುರುಗಳು ಪಕ್ಕದ ಬಂಡೆಯ ಮೇಲೆ ಕೂತು ತಾವಾಗಿಯೇ ಮಾತು ತೆಗೆದರು.

"ಬಳಗ ಕಟ್ಟಿದವರು ನಮ್ಮ ಗುರುಗಳ ಗುರುಗಳು. ಆಗ ಈ ಹೊಳೆಯಲ್ಲಿ ಒಂದು ಟ್ರೌಟೂ ಇರಲಿಲ್ಲ."

"ಮೀನೇ ಇಲ್ಲದ ಹೊಳೆಗೆ ಗಾಳದ ಬಳಗವೇ?"

"ದೂರದಿಂದ ಮಡಕೆಯಲ್ಲಿ ಮರಿ ತುಂಬ್ಕೊಂಡು ಬೆಟ್ಟ ಹತ್ತಿದ್ರು. ದಾರಿಯಲ್ಲೇ ಸತ್ತವು. ಮತ್ತೆ ತಂದ್ರು. ಮಳೆಗಾಲ ಕೊಚ್ಕೊಂಡು ಹೋಯ್ತು. ನೀರು ಬಿಸಿಯಾಗದಿರಲಿ ಅಂತ ದಂಡೆಯುದ್ದಕ್ಕೂ ಮರ ನೆಟ್ರು. ಬಲೆ ಬೀಳದಿರಲಿ ಅಂತ ಸರದಿ ಮೇಲೆ ಕಾವಲು ಕೂತ್ರು. ಆ ಕಾವಲಿಗೇ ಜನ ಬಳಗ ಅಂತ ಹೆಸರಿಟ್ರು."

"ಆಮೇಲೆ ತುಂಬ ಮೀನು ಹಿಡಿದಿರಬೇಕು?"

"ಒಂದನ್ನೂ ಹಿಡೀಲಿಲ್ಲ. ಮೀನು ಗಾಳಕ್ಕೆ ಬರೋ ಹೊತ್ತಿಗೆ ಅವರು ಯಾರೂ ಉಳಿದಿರಲಿಲ್ಲ."

ನೀಲಕಂಠ ಬೆರಗಾದ. "ಹಾಗಾದ್ರೆ ಅವರಿಗೆ ಸಿಕ್ಕಿದ್ದೇನು, ಗುರುಗಳೇ?"

"ಕೈ ಅಲ್ಲಾಡಿಸಬೇಡ" ಎಂದರು ಗುರುಗಳು.

ಅವನು ಕೈ ಅಲ್ಲಾಡಿಸಿರಲಿಲ್ಲ. ಅಂಗೈ ಮೇಲೆ ಬಾಲ ಒಮ್ಮೆ ಮಿಸುಕಿತ್ತು. ಕಿವಿರು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನೀಲಕಂಠ ಉಸಿರು ಬಿಗಿಹಿಡಿದ. ಬೆರಳಿನ ಮೇಲೆ ಛಟ್ಟನೆ ಒಂದು ಏಟು ಕೊಟ್ಟು ಮೀನು ಆಳಕ್ಕೆ ಇಳಿದುಹೋಯಿತು.

"ಹೋಯ್ತು! ಗುರುಗಳೇ, ಹೋಯ್ತು! ಹೋಯ್ತು!"

ಅವನು ನೀರಿನಲ್ಲೇ ಕುಣಿದ. ಅವನ ಕೂಗಿಗೆ ಮರದ ಹಕ್ಕಿಗಳೆಲ್ಲ ಎದ್ದವು.

ಕುಣಿಯುತ್ತಿದ್ದವನಿಗೆ ಕಟ್ಟಳೆ ನೆನಪಾಯಿತು. ತಲೆ ತಗ್ಗಿಸಿ ನಿಂತ.

"ಈಗೇನೋ ಈಜಿತು. ಆದ್ರೆ ಒಣಗಿದ ಕೈಯಲ್ಲಿ ಹಿಡಿದಿದ್ದೆ. ನಾಳೆ ಬದುಕಿರುತ್ತೋ ಇಲ್ಲವೋ, ಯಾರಿಗೆ ಗೊತ್ತು? ನಾನು ಮನೆಗೆ ಹೊರಡ್ತೀನಿ ಗುರುಗಳೇ."

ಗುರುಗಳಿಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅವನ ಮರಗಟ್ಟಿದ ಕೈಗಳನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಬೆಚ್ಚಗಾಗುವಂತೆ ಉಜ್ಜಿದರು.

"ನಾಳೆ ಬೆಳಗ್ಗೆ ಬಳಗದವರ ಜೊತೆ ಕಾವಲಿಗೆ ಬಾ. ಮೀನು ಹೋದಾಗ ಕೂಗಿದಷ್ಟು ಜೋರಾಗಿ ಅದು ಸಿಕ್ಕಾಗ ನೀನು ಕೂಗಿರಲಿಲ್ಲ ಕಣೋ."