ಮರಳಿನ ಮೇಲೆ ಕುಮುದಲೇಖೆ

ನರಹರಿಯ ಕಥೆ ಮುಗಿದಿತ್ತು. ಮಸಿ ಸವರುವುದೊಂದು ಬಾಕಿ.

ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ, ಕೊರೆದವನಿಗಲ್ಲದೆ ಬೇರೆಯವರ ಕಣ್ಣಿಗೆ ಕಾಣುವುದಿಲ್ಲ. ದೀಪದ ಮಸಿ ಸವರಿ ಒರೆಸಿದ ಮೇಲೇ ಅದು ಎದ್ದು ಬರುವುದು. ಆ ಆಶ್ರಮದಲ್ಲಿ ಮಸಿ ಸವರುವ ಕೈ ಗುರುಗಳದ್ದು. ಶಿಷ್ಯ ಓದಬೇಕು, ಗುರುಗಳು ಕೇಳಬೇಕು, ಒಪ್ಪಿದರೆ ಹೆಬ್ಬೆರಳನ್ನು ಮಸಿಬಟ್ಟಲಿಗೆ ಅದ್ದಬೇಕು. ಒಪ್ಪದಿದ್ದರೆ ಓಲೆ ಕುರುಡಾಗಿಯೇ ಉಳಿಯುತ್ತದೆ.

ಬೆಳಗಿನಿಂದ ಓದಿ ಓದಿ ನರಹರಿಯ ಗಂಟಲು ಒಣಗಿತ್ತು. ರಾಜಕುಮಾರಿ ಕುಮುದಲೇಖೆ, ಅವಳನ್ನು ಅಗಲಿ ಹೋದ ಒಬ್ಬ ವರ್ತಕ, ಅವರಿಬ್ಬರ ಪ್ರೇಮ. ಕೊನೆಯ ಓಲೆ ಕೆಳಗಿಟ್ಟು ಅವನು ಗುರುಗಳ ಹೆಬ್ಬೆರಳನ್ನೇ ನೋಡಿದ.

ಹೆಬ್ಬೆರಳು ಗಡ್ಡ ಕೆರೆಯಿತು.

“ಹುಡುಗಿ ಯಾರು?” ಎಂದರು ಗುರುಗಳು.

“ಕುಮುದಲೇಖೆ.”

“ಅದು ಓಲೆಯಲ್ಲಿ. ಊರಲ್ಲಿ?”

ನರಹರಿ ತಲೆ ತಗ್ಗಿಸಿದ. “ನನ್ನ ಹೆಂಡತಿ. ಅಚ್ಚಮ್ಮ ಅಂತ.”

“ಬಿಟ್ಟು ಬಂದೆಯಾ?”

“ಬಿಟ್ಟಲ್ಲ, ಕಲಿಯೋಣ ಅಂತ ಬಂದೆ. ಒಂದು ಸಂಜೆ ಅವಳು ಅಂದಳು, ‘ಹಾಲು ಕರೆಯುವಾಗ ಎಮ್ಮೆಯ ಹತ್ತಿರವಾದರೂ ಎರಡು ಮಾತಾಡುತ್ತೀರಿ. ನನ್ನ ಬಗ್ಗೆ ನಿಮ್ಮ ಬಾಯಲ್ಲಿ ಒಂದು ಮಾತೂ ಹುಟ್ಟಲಿಲ್ಲವಲ್ಲ’ ಅಂತ. ಏನು ಹೇಳಬೇಕೋ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಹೊರಟುಬಿಟ್ಟೆ. ಈಗ ಮಾತು ಸಿಕ್ಕಿದೆ. ನೀವು ಮಸಿ ಸವರಿದರೆ ಇವತ್ತೇ ಒಯ್ದು ಅವಳ ಮುಂದೆ ಓದುತ್ತೇನೆ.”

“ಬಂದು ಎಷ್ಟು ವರ್ಷವಾಯಿತು?”

“ಏಳೆಂಟು.”

“ಏಳೋ, ಎಂಟೋ?”

ನರಹರಿ ಬೆರಳು ಮಡಿಸಿ ಎಣಿಸತೊಡಗಿದ.

“ಇರಲಿ. ನಾನೂ ಅವಳನ್ನು ಒಮ್ಮೆ ನೋಡಬೇಕು. ಕರೆದು ತಾ.”

“ಊರಿಂದಲೇ?”

“ಊರೇಕೆ? ಎಲ್ಲೆಲ್ಲಿದ್ದಾಳೆ ಅಂತ ನೀನೇ ಬರೆದಿದ್ದೀಯಲ್ಲ. ಕಣ್ಣು ಕೊಳದಲ್ಲಿ. ತುಟಿ ಬೇಲಿಯ ಮೇಲೆ. ತೊಡೆ ಬಾಳೆಯ ಪಾತಿಯಲ್ಲಿ. ಆರಿಸಿಕೊಂಡು ಹೋಗಿ ಹೊಳೆದಂಡೆಯಲ್ಲಿ ಜೋಡಿಸು.”

ಗುರುಗಳು ನಗುತ್ತಾರೇನೋ ಎಂದು ನರಹರಿ ಕಾದ. ಅವರು ನಗಲಿಲ್ಲ.

ಅವನು ಸೊಂಟದವರೆಗೆ ಕೊಳಕ್ಕೆ ಇಳಿದು ಎರಡು ತಾವರೆ ಕಿತ್ತ. ಬೇಲಿಯಿಂದ ಹಣ್ಣಾದ ತೊಂಡೆ ಬಿಡಿಸಿದ. ಹಲ್ಲಿಗೆ ದಾಳಿಂಬೆ ಒಡೆದ. ಕೊರಳಿಗೆ ಪೂಜೆಯ ಶಂಖ, ಎದೆಗೆ ಎರಡು ತಾಮ್ರದ ಚೊಂಬು, ತೋಳಿಗೆ ಕಾಡುಬಳ್ಳಿ, ತೊಡೆಗೆ ಬಾಳೆದಿಂಡು. ಹೆರಳಿಗೆ ಬರೆದದ್ದು ದುಂಬಿಗಳ ಸಾಲು. ದುಂಬಿ ಹಿಡಿಯಲು ಹೋಗಿ ಕೈಗೆ ಕಚ್ಚಿಸಿಕೊಂಡು, ಹೊಳೆಯ ಕಪ್ಪು ಪಾಚಿಯನ್ನೇ ಹರಡಿದ.

ಮುಖ ಚಂದ್ರ ಎಂದು ಬರೆದಿದ್ದ. ಗುರುಗಳ ಊಟದ ಕಂಚಿನ ತಟ್ಟೆಯನ್ನು ಬೆಳಗಿ ತಂದ.

ಬಳ್ಳಿ ಜಾರದಂತೆ ದಂಡೆಯಲ್ಲಿ ಬೆಳೆದಿದ್ದ ದರ್ಭೆಯಿಂದ ಕಟ್ಟಿದ. ತಟ್ಟೆ ಮರಳಿನಲ್ಲಿ ನಿಲ್ಲಲಿಲ್ಲ. ಓಲೆಕಟ್ಟನ್ನೇ ಅದಕ್ಕೆ ದಿಂಬಾಗಿ ಕೊಟ್ಟ.

ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಪರವಾಗಿಲ್ಲ ಅನ್ನಿಸಿತು. ಕವಿಗಳು ಹೇಳಿದ್ದರಲ್ಲಿ ಒಂದೂ ಬಿಟ್ಟಿಲ್ಲ.

ಅಷ್ಟರಲ್ಲಿ ಆಚೆ ದಡದಿಂದ ದೋಣಿ ಬಂತು. ಶೇಷಗಿರಿ ಜೋಯಿಸರು ಇಳಿದರು. ಸುತ್ತಿನ ಊರುಗಳ ತಿಥಿ-ಶ್ರಾದ್ಧಗಳಿಗೆಲ್ಲ ಅವರೇ ಪುರೋಹಿತರು. ಮರಳಿನ ಮೇಲೆ ಮಲಗಿದ್ದುದನ್ನು ಕಂಡು ನಿಂತರು. ಮೆಟ್ಟು ಕಳಚಿದರು.

“ಹೆಂಗಸೇ?” ಎಂದರು ಮೆಲ್ಲಗೆ.

“ಹೌದು,” ಎಂದ ನರಹರಿ. ಗುರುತು ಹಿಡಿದರಲ್ಲ ಎಂದು ಖುಷಿಯಾಯಿತು.

“ನಿನಗೇನಾಗಬೇಕು?”

“ಹೆಂಡತಿ.”

“ಅಯ್ಯೋ ಪಾಪ. ಚಿಕ್ಕ ವಯಸ್ಸು.” ಜೋಯಿಸರು ಒಂದು ಸುತ್ತು ಬಂದು ನೋಡಿದರು. “ಅಚ್ಚುಕಟ್ಟಾಗಿ ಮಾಡಿದ್ದೀಯ. ತಲೆಗೆ ನಾವು ತೆಂಗಿನಕಾಯಿ ಇಡುತ್ತೇವೆ, ನೀನು ತಟ್ಟೆ ಇಟ್ಟಿದ್ದೀಯ. ಇರಲಿ, ಊರಿಗೊಂದು ಪದ್ಧತಿ. ಹೆಸರು?”

“ಅಚ್ಚಮ್ಮ.”

ಜೋಯಿಸರು ಚೀಲದಿಂದ ಒಂದು ಹಿಡಿ ಎಳ್ಳು ತೆಗೆದರು. ದಕ್ಷಿಣಕ್ಕೆ ತಿರುಗಿ ಕೂತರು. ಅಂಗೈಯ ಎಳ್ಳಿಗೆ ಹೊಳೆಯ ನೀರು ಹಾಕಿ, ಬಾಳೆದಿಂಡಿನ ಮೇಲೆ ಬಿಡುತ್ತಾ, ಅಚ್ಚಮ್ಮನ ಹೆಸರಿಗೆ ‘ಪ್ರೇತ’ ಎಂದು ಸೇರಿಸಿ ಮಂತ್ರ ಶುರುಮಾಡಿದರು.

ನರಹರಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡ.

“ಏನು ಮಾಡುತ್ತಿದ್ದೀರಿ! ಅವಳು ಬದುಕಿದ್ದಾಳೆ!”

“ಮತ್ತೆ ಇದು?”

“ಇದು...” ನರಹರಿಯ ನಾಲಗೆ ತೊದಲಿತು. “ಇದು ಶೃಂಗಾರ.”

“ಶೃಂಗಾರವೇ!” ಜೋಯಿಸರು ಕೈ ಬಿಡಿಸಿಕೊಂಡರು. “ಹೊಳೆದಂಡೆಯಲ್ಲಿ, ದಕ್ಷಿಣಕ್ಕೆ ತಲೆ ಹಾಕಿ, ದರ್ಭೆಯಲ್ಲಿ ಕಟ್ಟಿ, ಒದ್ದೆ ಪಂಚೆ ಉಟ್ಟು ನಿಂತಿದ್ದೀಯಲ್ಲೋ! ಇಷ್ಟು ವರ್ಷದಲ್ಲಿ ಇಂಥ ಶೃಂಗಾರ ನಾನು ಕಂಡಿಲ್ಲ.”

“ಇದನ್ನು ನೋಡಿದರೆ ನಿಮಗೆ ಹೆಣದ ಹಾಗೆ ಕಾಣುತ್ತದೆಯೇ?”

“ಹೆಣವಲ್ಲ ಮಹಾರಾಯ. ಹೆಣ ಸಿಗದಾಗ ಮಾಡುವುದು. ನೀರು ಪಾಲಾದವರಿಗೆ, ದೇಶಾಂತರ ಹೋಗಿ ಸತ್ತವರಿಗೆ, ದೇಹವಿಲ್ಲದೆ ಸಂಸ್ಕಾರ ಹೇಗೆ ಆಗಬೇಕು? ಅದಕ್ಕೇ ಒಂದೊಂದು ಅಂಗಕ್ಕೆ ಒಂದೊಂದು ವಸ್ತು. ಹಲ್ಲಿಗೆ ದಾಳಿಂಬೆ ಬೀಜ ಇಟ್ಟಿದ್ದೀಯಲ್ಲ, ನಾವೂ ಅದನ್ನೇ ಇಡುವುದು. ಜೋಡಿಸಿ, ಎಳ್ಳುನೀರು ಬಿಟ್ಟು, ಬೆಂಕಿ ಕೊಡುತ್ತೇವೆ.”

ನರಹರಿ ಮರಳಿನ ಮೇಲೆ ಕುಳಿತ. ದಿಂಡಿನ ಮೇಲೆ ಎಳ್ಳು ಅಂಟಿಕೊಂಡಿತ್ತು. ಒರೆಸಲು ಕೈ ಚಾಚಿದ. ಮುಟ್ಟಲಾಗಲಿಲ್ಲ.

ಜೋಯಿಸರಿಗೆ ಮರುಕ ಹುಟ್ಟಿತು. ಮೆಟ್ಟು ಮೆಟ್ಟಿಕೊಳ್ಳುತ್ತಾ, “ಹೆದರಬೇಡ, ಬದುಕಿದ್ದವರಿಗೆ ತಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಹೆಂಗಸರಿಗೆ ಇದನ್ನು ಮಾಡುವುದೇ ಅಪರೂಪ,” ಎಂದರು. “ಮಾಡುವುದೆಲ್ಲ ಗಂಡಸರಿಗೆ. ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಸುದ್ದಿ ಇಲ್ಲ, ಸಮಾಚಾರ ಇಲ್ಲ. ಮನೆಯವಳು ಎಷ್ಟು ವರ್ಷ ಅಂತ ಕಾಯುತ್ತಾಳೆ? ಕೊನೆಗೆ ಊರವರೇ ಸೇರಿ ಇಂಥದೊಂದನ್ನು ಸುಟ್ಟು ಅವಳ ಬಳೆ ತೆಗೆಸುತ್ತಾರೆ.”

ಜೋಯಿಸರು ಹೋದರು.

ನರಹರಿ ಮತ್ತೆ ಬೆರಳು ಮಡಿಸಿದ. ಏಳೋ, ಎಂಟೋ? ಅಷ್ಟೂ ವರ್ಷ ಅವನು ಅವಳ ಕಣ್ಣಿಗೆ ಹೋಲಿಕೆ ಹುಡುಕಿದ್ದ. ಅವಳು ಇದ್ದಾಳೋ ಇಲ್ಲವೋ ಎಂದು ಒಮ್ಮೆಯೂ ಹೇಳಿ ಕಳಿಸಿ ಕೇಳಿರಲಿಲ್ಲ. ತಾನಿದ್ದೇನೆ ಎಂದೂ ತಿಳಿಸಿರಲಿಲ್ಲ. ಇನ್ನೊಂದು ಹೊಳೆಯ ದಂಡೆಯಲ್ಲಿ ಇನ್ನೊಂದು ಬಾಳೆದಿಂಡು, ಅದರ ಮೇಲೆ ತನ್ನ ಹೆಸರಿಗೆ ಬಿಟ್ಟ ಎಳ್ಳು, ಪಕ್ಕದಲ್ಲಿ ಬಳೆಯಿಲ್ಲದ ಎರಡು ಕೈ ಅವನ ಕಣ್ಣಿಗೆ ಕಟ್ಟಿದವು.

ಆ ಕೈಗಳ ಒಡತಿಯ ಮುಖ ಯಾವುದು? ಕಣ್ಣು ಮುಚ್ಚಿ ನೋಡಿದ. ತಾವರೆ ಬಂತು. ಗಟ್ಟಿಯಾಗಿ ಮುಚ್ಚಿದ. ಕಂಚಿನ ತಟ್ಟೆ ಬಂತು.

“ಅಚ್ಚಮ್ಮಾ!” ಎಂದು ಅರಚಿದ. ದಡದಲ್ಲಿದ್ದ ಕೊಕ್ಕರೆಗಳು ಹಾರಿದವು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಗುರುಗಳು ಬಂದಿದ್ದರು. ಎಡಗೈಯಲ್ಲಿ ಮಸಿಬಟ್ಟಲು. ಬಲಗೈಯ ಹೆಬ್ಬೆರಳು ಆಗಲೇ ಕಪ್ಪಾಗಿತ್ತು.

“ಎಲ್ಲಿ, ಓಲೆ ತಾ,” ಎಂದರು.

ನರಹರಿ ತಟ್ಟೆಯ ಕೆಳಗಿದ್ದ ಕಟ್ಟನ್ನು ನೋಡಿದ. “ಬೇಡ, ಗುರುಗಳೇ.”

“ಬೇಡವೇ? ಮತ್ತೆ ಅವಳಿಗೆ ಏನು ಒಯ್ಯುತ್ತೀಯ?”

“ಗೊತ್ತಿಲ್ಲ. ಅವಳ ಮುಖವೇ ನೆನಪಾಗುತ್ತಿಲ್ಲ.”

“ಏನೂ ನೆನಪಿಲ್ಲವೇ?”

ನರಹರಿಯ ಕೈ ತಾನಾಗಿ ತನ್ನ ಎಡಗಿವಿಗೆ ಹೋಯಿತು.

“ಕಿವಿ,” ಎಂದ. “ಅವಳ ಎಡಗಿವಿ ಹರಿದಿದೆ. ಎಮ್ಮೆಕರು ಲೋಲಾಕು ಹಿಡಿದು ಜಗ್ಗಿತ್ತು. ಎರಡು ಸೀಳಾಗಿ ಹಾಗೇ ಮಾಯ್ದಿದೆ. ಏನಾದರೂ ಹೇಳಬೇಕಾದರೆ ಮೊದಲು ಅದನ್ನು ಮುಟ್ಟಿಕೊಳ್ಳುತ್ತಾಳೆ. ಅವತ್ತು ಎಮ್ಮೆಯ ಮಾತು ಆಡಿದಾಗಲೂ ಮುಟ್ಟಿಕೊಂಡಿದ್ದಳು. ಅತ್ತಿದ್ದಳೋ ಏನೋ, ನಾನು ನೋಡಲಿಲ್ಲ. ಕಿವಿಯನ್ನೇ ನೋಡುತ್ತಿದ್ದೆ.”

“ಕಥೆಯಲ್ಲಿ ಅದು ಬರಲಿಲ್ಲವಲ್ಲ.”

“ಹರಿದ ಕಿವಿಯನ್ನು ಹೇಗೆ ಬರೆಯಲಿ ಅಂತ ಬಿಟ್ಟೆ.”

“ಈಗ ಹೇಳು. ಯಾವುದರ ಹಾಗಿದೆ ಆ ಕಿವಿ?”

ನರಹರಿ ಸುತ್ತ ನೋಡಿದ. ಕೊಳವಿತ್ತು, ಬೇಲಿಯಿತ್ತು, ಬಾಳೆಯ ಪಾತಿಯಿತ್ತು, ಹೊಳೆಯಿತ್ತು. ದೋಣಿಯವನು ಹುಟ್ಟು ಎತ್ತಿ ನಿಂತು, ಆಚೆ ದಡಕ್ಕೆ ಬರುವವರು ಯಾರಾದರೂ ಇದ್ದಾರೆಯೇ ಎಂದು ಕೂಗುತ್ತಿದ್ದ.

“ಯಾವುದರ ಹಾಗೂ ಇಲ್ಲ, ಗುರುಗಳೇ. ಅದು ಅವಳ ಕಿವಿ.”

ಗುರುಗಳು ಬಗ್ಗಿ ತಮ್ಮ ತಟ್ಟೆಯನ್ನು ಎತ್ತಿಕೊಂಡು ಮರಳು ಕೊಡವಿದರು.

“ಹಾಗಾದರೆ ಅವಳು ಬದುಕಿದ್ದಾಳೆ. ದೋಣಿ ಹೊರಟಿದೆ, ನೀನೂ ಬದುಕಿದ್ದೀಯ ಅಂತ ಹೋಗಿ ಹೇಳು.”