ತುಳಿಗಟ್ಟೆಯ ನೀರು

ದುರ್ಗದ ಸೀಮೆಯ ಬಡಗು ದಿಕ್ಕಿನಲ್ಲಿ, ಮುದ್ದೋಬನಹಟ್ಟಿ ದಾಟಿದ ಮೇಲೆ ರಸ್ತೆಯ ಎಡಕ್ಕೆ ಕಣ್ಣು ಹಾಯುವಷ್ಟು ದೂರವೂ ಹುಲ್ಲುಗಾವಲು. ಅದಕ್ಕೆ ಬಿಳಿನೆಲದ ಕಾವಲೆಂದು ಹೆಸರು. ಮರವೆನ್ನುವಂಥದ್ದು ಅಲ್ಲಿಲ್ಲ, ಕಾರೆ, ತಂಗಡಿ, ಬಂದರೆಯ ಪೊದೆಗಳು, ನಡುನಡುವೆ ಕುಳ್ಳ ಜಾಲಿ. ಮೇಲಿನ ಮಣ್ಣು ಗರಸು ಬೆರೆತ ಜೇಡಿ. ಒಣಗಿದಾಗ ಅಂಗಾಲು ಚುಚ್ಚುತ್ತದೆ, ನೆನೆದಾಗ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅದನ್ನು ಮೊಳದಷ್ಟು ಅಗೆದರೆ ಗುದ್ದಲಿ ಠಣ್ ಎನ್ನುತ್ತದೆ. ಅಲ್ಲಿಂದ ಕೆಳಗಿರುವುದು ಮಣ್ಣೂ ಅಲ್ಲ, ಬಂಡೆಯೂ ಅಲ್ಲ; ಗರಸು, ಜೇಡಿ, ಸುಣ್ಣ ಎಲ್ಲ ಸೇರಿ ಗಾರೆ ಬಡಿದ ಹಾಗೆ ಕಚ್ಚಿಕೊಂಡಿರುವ ಬಿಳಿಯ ಪದರ. ನಮ್ಮ ಕಡೆ ಅದನ್ನು ಗಚ್ಚು ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ಈ ಕಾವಲನ್ನು ಕಾಡು ಮಾಡುತ್ತೇವೆಂದು ಸಾಲುಸಾಲಾಗಿ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಹೋದರು. ಬೇರು ಗಚ್ಚಿಗೆ ತಗುಲಿ ದಾರಿ ಕಾಣದೆ ಅಡ್ಡಡ್ಡ ಹರಿದು, ಬೇಸಿಗೆಗೆ ಸಸಿಯೆಲ್ಲ ಕಡ್ಡಿಯಾಯಿತು. ನಮ್ಮನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆವು. ಕೇಳಲಿಲ್ಲ, ಇರಲಿ.

ಈ ಕಾವಲಿನ ನಟ್ಟನಡುವಿನ ತಗ್ಗಿನಲ್ಲಿರುವುದೇ ತುಳಿಗಟ್ಟೆ. ಕಲ್ಲಿನ ಏರಿ, ತೂಬು, ಸೋಪಾನ ಎಂದೆಲ್ಲ ನಿರೀಕ್ಷಿಸಿ ಬಂದವರಿಗೆ ನಿರಾಸೆಯಾದೀತು. ಮೂರು ಕಡೆ ನೆಲವೇ ಇಳಿಜಾರು, ಒಂದು ಕಡೆ ಮಣ್ಣಿನ ಬದು, ಅಷ್ಟೆ. ಹೆಸರಿನ ವಿಷಯ ಕೇಳಿದರೆ ಪೇಟೆಯ ಕಡೆಯ ಒಬ್ಬ ಮಹಾಶಯರು, ಹಿಂದೆ ಪಾಳೆಯಗಾರರ ಆನೆಗಳು ಇಲ್ಲಿ ಕೆಸರು ತುಳಿಯುತ್ತಿದ್ದವು ಎಂದು ಹೇಳಿಕೊಂಡು ತಿರುಗುತ್ತಾರೆ. ಈ ಬೋಳು ಬಯಲಿಗೆ ಆನೆ ಯಾಕೆ ಬಂದೀತು, ಹುಲ್ಲುಕಡ್ಡಿ ಎಣಿಸುವುದಕ್ಕೆ? ನಾನು ಕೇಳಿದ ಐತಿಹ್ಯವೇ ಬೇರೆ, ಅದೂ ಮುದ್ದೋಬನಹಟ್ಟಿಗೆ ಸೊಸೆಯಾಗಿ ಹೋಗಿದ್ದ ನಮ್ಮ ಸೋದರತ್ತೆಯ ಬಾಯಿಂದ. ಹಾಡು, ಹಸೆ ಎಲ್ಲ ಗಟ್ಟಿ ದನಿಯಲ್ಲಿ ಹೇಳುತ್ತಿದ್ದ ಆಕೆ ಈ ಕಥೆಯನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದಳು.

ಆಗಿನ್ನೂ ಈ ರಸ್ತೆ ಹುಟ್ಟಿರಲಿಲ್ಲ. ಹಟ್ಟಿಯವರು ದೇವರ ದನಗಳನ್ನು ಸಾಕಿಕೊಂಡಿದ್ದರು. ಆ ದನಗಳಿಗೆ ನೊಗ ಹೂಡುವಂತಿಲ್ಲ, ಬೀಜ ಒಡೆಯುವಂತಿಲ್ಲ, ಮಾರುವಂತಿಲ್ಲ, ಕೊರಳಿಗೆ ಹಗ್ಗವನ್ನೂ ಹಾಕುವಂತಿಲ್ಲ. ಅವುಗಳನ್ನು ಮೇಯಿಸುವ ಕಿಲಾರಿಯಾಗಿದ್ದವನು ಕಾಟಯ್ಯ. ಮಂದೆಯ ಮುಂದಾಳು ಒಂದು ಬಿಳಿಯ ಎತ್ತು. ಅದನ್ನು ಎಲ್ಲರೂ ದೊಡ್ಡಯ್ಯ ಎಂದೇ ಕರೆಯುತ್ತಿದ್ದರು. ದೊಡ್ಡಯ್ಯ ಎತ್ತ ಹೋದರೆ ಮಂದೆ ಅತ್ತ, ಅದರ ಪಕ್ಕದಲ್ಲಿ ಕಾಟಯ್ಯ. ಅದರ ಗೊರಸಿನ ಗುರುತು ನೆಲದಲ್ಲಿ ಕಂಡರೆ ಅದರ ಮೇಲೆ ಕಾಲಿಡದೆ ಸರಿದು ನಡೆಯುತ್ತಿದ್ದ ಮನುಷ್ಯ ಆತ. ಹೆಂಡತಿ ಓಬಕ್ಕ, ‘ನನ್ನ ಕಡೆ ಇಷ್ಟು ನಿಗಾ ಇಟ್ಟು ನೋಡಿದ್ದರೆ ನಾನೂ ಒಂದು ಸುತ್ತು ದಪ್ಪಗಾಗುತ್ತಿದ್ದೆ’ ಎಂದು ಛೇಡಿಸುತ್ತಿದ್ದಳಂತೆ. ಆಗ ಈ ಕಟ್ಟೆಗೆ ಹಿರೇಕಟ್ಟೆ ಎಂಬ ಹೆಸರಿತ್ತು. ಸುತ್ತಲಿನ ಗುಂಡಿಗಳೆಲ್ಲ ಬತ್ತಿದರೂ ಇದರಲ್ಲಿ ನೀರು ನಿಲ್ಲುತ್ತಿತ್ತು; ತಳದಲ್ಲಿ ಗಚ್ಚು ಬಾಣಲೆಯ ಹಾಗೆ ಹಿಡಿದುಕೊಂಡಿತ್ತು. ಬೇಸಿಗೆಯಲ್ಲಿ ಹೆಂಗಸರು ಹೂಳು ತೆಗೆಯುವಾಗ ಬಿಳುಪು ಕಂಡ ಕೂಡಲೇ ಸಲಿಕೆ ನಿಲ್ಲಿಸುತ್ತಿದ್ದರು.

ಹೀಗಿರುವಾಗ ಒಮ್ಮೆ, ಮುಂಗಾರು ಇನ್ನೂ ಕಣ್ಣು ಬಿಡದ ಬಿರುಬೇಸಿಗೆಯಲ್ಲಿ, ಮುಪ್ಪಾಗಿದ್ದ ದೊಡ್ಡಯ್ಯ ನೀರು ಕುಡಿಯಲು ಕಟ್ಟೆಯೊಳಕ್ಕೆ ಇಳಿಯಿತು. ನೀರು ನಡುವಿನ ತಗ್ಗಿನಲ್ಲಿ ಒಂದಿಷ್ಟೇ ಉಳಿದಿತ್ತು. ಕುಡಿದು ತಲೆಯೆತ್ತಿದ್ದು ಅಲ್ಲೇ ಮೊಣಕಾಲೂರಿ, ಮತ್ತೆ ಏಳಲಿಲ್ಲ. ದೇವರ ಎತ್ತು ಬಿದ್ದಲ್ಲೇ ಅದನ್ನು ಮಣ್ಣು ಮಾಡಬೇಕು, ಎಳೆದೊಯ್ಯಬಾರದು, ಗುಂಡಿ ಆಳುದ್ದ ಇರಬೇಕು ಎಂಬುದು ಹಟ್ಟಿಯ ಕಟ್ಟಳೆ. ಹಟ್ಟಿಯ ಯಜಮಾನ ಗಾದ್ರಿಪಾಲಜ್ಜನೂ ಒಮ್ಮೆ ಅನುಮಾನಿಸಿದನಂತೆ. ಓಬಕ್ಕ ನೇರವಾಗಿಯೇ ಹೇಳಿದಳು: ‘ಗಚ್ಚು ಒಡೆದರೆ ನೀರು ಎಲ್ಲಿ ನಿಲ್ಲುತ್ತದೆ? ಹತ್ತು ಜನ ಸೇರಿ ಕೈಯಲ್ಲೇ ಎತ್ತಿ ದಡಕ್ಕೆ ತನ್ನಿ.’ ಅಳುತ್ತ ಕುಳಿತಿದ್ದ ಕಾಟಯ್ಯ ಸಿಡಿದೆದ್ದ. ‘ಇವನು ಬಿದ್ದ ಜಾಗ ಇದು. ಜೀವಮಾನವೆಲ್ಲ ಈ ನೀರನ್ನು ಕಾದವನು, ಈಗ ಅದನ್ನು ನುಂಗಿಬಿಡುತ್ತಾನಾ?’ ಎಂದ. ದುಃಖದಲ್ಲಿರುವವನ ಮಾತಿಗೆ ಎದುರಾಡುವುದು ಯಾರಿಂದಾದೀತು? ಗಂಡಸರು ಹಾರೆ ತಂದರು.

ಹಾರೆಯ ಮೊನೆ ಮಡಚಿಕೊಂಡಿತೇ ಹೊರತು ಗಚ್ಚು ಬಿಡಲಿಲ್ಲ. ಆಗ ಕಾಟಯ್ಯ ಜಾಲಿಯ ಸೌದೆ ತಂದು ಗಚ್ಚಿನ ಮೇಲೆ ಬೆಂಕಿ ಹಾಕಿಸಿದ. ಅದು ಕಾದು ಕೆಂಪೇರಿದಾಗ, ಕಟ್ಟೆಯಲ್ಲಿ ಉಳಿದಿದ್ದ ನೀರನ್ನೇ ಬಿಂದಿಗೆಗಳಲ್ಲಿ ಮೊಗೆದು ಸುರಿದರು. ಗಚ್ಚು ಸೀಳಿತು. ಮತ್ತೆ ಬೆಂಕಿ, ಮತ್ತೆ ನೀರು. ಹೀಗೆ ಆಳುದ್ದದ ಗುಂಡಿಯಾಗುವಷ್ಟರಲ್ಲಿ ಕಟ್ಟೆಯ ತಳದಲ್ಲಿ ಬೊಗಸೆ ನೀರೂ ಉಳಿದಿರಲಿಲ್ಲ. ಪದರದ ಅಡಿಯಲ್ಲಿ ಸಿಕ್ಕಿದ್ದು ಬೆರಳ ಸಂದಿಯಿಂದ ಜಾರುವ ಸಡಿಲ ಗರಸು. ದೊಡ್ಡಯ್ಯನಿಗೆ ಹೊಸ ಕಂಬಳಿ ಹೊದಿಸಿ, ಹಾಲು ತುಪ್ಪ ಬಿಟ್ಟು, ಅದೇ ಗರಸನ್ನು ಮೇಲೆ ಎಳೆದು ಮುಚ್ಚಿದರು. ಮಂದೆಯನ್ನು ಮಳೆ ಬರುವ ತನಕ ದೂರದ ಹಳ್ಳದ ಒರತೆಗೆ ಹೊಡೆದುಕೊಂಡು ಹೋದರು.

ಮಳೆ ಬಂತು, ಚೆನ್ನಾಗಿಯೇ ಬಂತು. ಕಟ್ಟೆ ತುಂಬಿದ್ದನ್ನು ಕಂಡು ಕಾಟಯ್ಯ ಹೆಂಡತಿಯ ಮುಖ ನೋಡಿದ. ಆ ವಾರ ಕಳೆಯುವುದರೊಳಗೆ ನೀರು ಸಮಾಧಿಯ ಸುತ್ತ ಸುಳಿ ತಿರುಗುತ್ತ ಇಳಿದುಹೋಗಿ ಬರೀ ಕೆಸರು ಉಳಿಯಿತು. ಹಳ್ಳದ ಒರತೆಗೋ ಹಗಲೆಲ್ಲ ನಡೆಯಬೇಕು. ಹೋಗಿಬರುವ ದಾರಿಯಲ್ಲೇ ಕರುಗಳು ಬೀಳತೊಡಗಿದವು. ಬಿದ್ದ ಕರುವಿನ ಬಾಯಿಗೆ ಕಾಟಯ್ಯ ತನ್ನ ಸೋರೆಬುರುಡೆಯ ನೀರು ಹನಿಸುತ್ತಿದ್ದ. ಒಂದು ಬದುಕಿದರೆ ಇನ್ನೊಂದು ಹೋಗುತ್ತಿತ್ತು. ದೊಡ್ಡಯ್ಯನ ವಂಶವೇ ತನ್ನ ಕೈಯಲ್ಲಿ ಮುಗಿಯುತ್ತದೆಂಬ ಭಯ ಅವನನ್ನು ತಿನ್ನತೊಡಗಿತು. ಅನ್ನ ಸೇರಲಿಲ್ಲ.

ಉಪಾಯ ಇತ್ತು, ಅದನ್ನು ಹೇಳಲು ಎಲ್ಲರಿಗೂ ನಾಲಿಗೆ ತಡೆಯುತ್ತಿತ್ತು. ಒಡೆದ ಕಟ್ಟೆಯ ತಳವನ್ನು ಕಟ್ಟುವ ಕ್ರಮ ದನ ಸಾಕುವವರಿಗೆಲ್ಲ ಗೊತ್ತು. ಗರಸು ಆರಿಸಿ ತೆಗೆದ ಜೇಡಿಯನ್ನು ಹಸಿಯಿರುವಾಗಲೇ ತುಂಬಿ, ಅದರ ಮೇಲೆ ಮಂದೆಯನ್ನು ಹಾಯಿಸಿ, ಗೊರಸುಗಳಿಂದ ತುಳಿಸಿ ತುಳಿಸಿ ಹದ ಮಾಡಬೇಕು. ಮನುಷ್ಯರು ಎಷ್ಟು ಬಡಿದರೂ ಆ ಬಿಗಿ ಬರುವುದಿಲ್ಲ. ಆದರೆ ಇಲ್ಲಿ ತುಳಿಸಬೇಕಾಗಿದ್ದುದು ದೊಡ್ಡಯ್ಯನ ಎದೆಯ ಮೇಲೆ. ಕೊನೆಗೆ ಓಬಕ್ಕನೇ ಬಾಯಿಬಿಟ್ಟಳು. ಕಾಟಯ್ಯ ಕಿವಿ ಮುಚ್ಚಿಕೊಂಡ. ಆಕೆ ಹಟ್ಟಿಯ ಹೆಂಗಸರನ್ನು ಕರೆದುಕೊಂಡು ಹೋಗಿ, ಜೇಡಿ ಅಗೆದು, ಗರಸು ಆರಿಸಿ, ಸಮಾಧಿಯ ಮೇಲೆ ತಂದು ಸುರಿಯತೊಡಗಿದಳು. ಗಂಡನನ್ನು ಮತ್ತೆ ಕೇಳಲೇ ಇಲ್ಲ.

ಮಣ್ಣು ಸಿದ್ಧವಾಯಿತು. ಮೋಡ ಸರಿದು ಬಿಸಿಲು ಏರುತ್ತಿತ್ತು. ಜೇಡಿ ಒಣಗಿದರೆ ಮುಗಿದಂತೆ, ಮತ್ತೆ ಮಳೆ ಎಂದೋ ಏನೋ. ಹಟ್ಟಿಯ ಗಂಡಸರು ಮಂದೆಯನ್ನು ಕಟ್ಟೆಯೊಳಕ್ಕೆ ನೂಕಲು ನೋಡಿದರು. ದನಗಳು ದಡದವರೆಗೆ ಬಂದು, ಮೂಗರಳಿಸಿ ಮಣ್ಣು ಮೂಸಿ, ಅಲ್ಲೇ ನಿಂತು ಗೋಳಿಡತೊಡಗಿದವು. ಕೋಲು ತೋರಿಸಿದರೆ ಚದುರಿ ಓಡಿದವು. ದೊಡ್ಡಯ್ಯ ಹೋದ ಮೇಲೆ ಅವು ಹಿಂಬಾಲಿಸುತ್ತಿದ್ದುದು ಕಾಟಯ್ಯ ಒಬ್ಬನನ್ನೇ. ಗಾದ್ರಿಪಾಲಜ್ಜ ಬಂದು ಅವನ ಮುಂದೆ ನಿಂತ. ‘ಬೇರೆ ಯಾರು ತುಳಿದರೂ ಅವು ಬರುವುದಿಲ್ಲ ಕಣಪ್ಪ. ನಾನು ಹೇಳಬಾರದು, ಹೇಳುತ್ತಿದ್ದೇನೆ’ ಎಂದ.

ಕಾಟಯ್ಯ ಎದ್ದ. ತಲೆಯ ರುಮಾಲು ಬಿಚ್ಚಿ ಓಬಕ್ಕನ ಕೈಗೆ ಕೊಟ್ಟ. ಕಟ್ಟೆಯೊಳಕ್ಕೆ ಇಳಿದು, ದೊಡ್ಡಯ್ಯನ ತಲೆ ಯಾವ ಕಡೆಗಿದೆಯೆಂದು ಅವನಿಗೊಬ್ಬನಿಗೇ ಸರಿಯಾಗಿ ಗೊತ್ತಿದ್ದುದರಿಂದ ಕಾಲಿನ ಕಡೆಯಿಂದ ಮೊದಲ ಹೆಜ್ಜೆ ಇಟ್ಟ. ಮಂದೆಯನ್ನು ಕರೆಯುವ ದನಿಯಲ್ಲಿ ‘ಹೋ’ ಎಂದ, ದನಿ ಒಡೆದಿತ್ತು. ಮುದಿ ಹಸುವೊಂದು ಬಂತು, ಅದರ ಹಿಂದೆ ಮಿಕ್ಕವು. ಸಂಜೆಯ ತನಕ ಅವನು ಮುಂದೆ, ಮಂದೆ ಹಿಂದೆ, ಅಷ್ಟೇ ಜಾಗದಲ್ಲಿ ಸುತ್ತಿ ಸುತ್ತಿ ತುಳಿದರು. ಅವನ ಬಾಯಲ್ಲಿ ಇದ್ದುದು ಒಂದೇ ಮಾತು: ‘ಅಯ್ಯಾ, ತಪ್ಪು ನಂದು, ಇವು ನಿನ್ನ ಮಕ್ಕಳು.’ ದಡದಲ್ಲಿ ನಿಂತವರು ಯಾರೂ ತಲೆಯೆತ್ತಿ ನೋಡಲಿಲ್ಲ ಎನ್ನುತ್ತಾರೆ.

ಮುಂದಿನ ಮಳೆಗೆ ನೀರು ನಿಂತಿತು, ಮಂದೆ ಉಳಿಯಿತು. ಅಂದಿನಿಂದ ಹಿರೇಕಟ್ಟೆ ಎಂಬ ಹೆಸರು ಅಳಿದು ತುಳಿಗಟ್ಟೆಯಾಯಿತು. ಕಾಟಯ್ಯ ಕಿಲಾರಿಯ ಕೋಲನ್ನು ಕೆಳಗಿಡಲಿಲ್ಲ, ದನ ಬಿಟ್ಟು ಅವನು ಎಲ್ಲಿಗೆ ಹೋದಾನು? ಆದರೆ ಆ ಕಟ್ಟೆಯ ನೀರನ್ನು ಸಾಯುವವರೆಗೂ ತುಟಿಗೆ ಸೋಕಿಸಲಿಲ್ಲ. ದೊಡ್ಡಯ್ಯ ಕ್ಷಮಿಸಿತೋ ಇಲ್ಲವೋ ಎಂದು ನಾನೊಮ್ಮೆ ನಮ್ಮ ಅತ್ತೆಯನ್ನು ಕೇಳಿದ್ದೆ. ‘ನೀರು ನಿಂತಿತಲ್ಲ’ ಎಂದಳು. ಆಮೇಲೆ, ‘ನನಗೇನು ಗೊತ್ತು’ ಎಂದೂ ಸೇರಿಸಿದಳು.

ಇಂದು ಹೋದರೂ ನೋಡಬಹುದು. ಬೇಸಿಗೆಯಲ್ಲಿ ನೀರು ತಗ್ಗಿದಾಗ, ಬಿಳಿಯ ಗಚ್ಚಿನ ನಡುವೆ ಎತ್ತು ಮಲಗುವಷ್ಟು ಅಗಲದ ಕಪ್ಪು ಜೇಡಿಯ ಮಚ್ಚೆ ಕಾಣುತ್ತದೆ. ಅಲ್ಲಿ ಗುಡಿಯಿಲ್ಲ, ಕಲ್ಲಿಲ್ಲ, ಯಾರೂ ಕಾಯಿ ಒಡೆಯುವುದಿಲ್ಲ. ದನಗಳು ಅದರ ಮೇಲೆಯೇ ನಿಂತು ನೀರು ಕುಡಿಯುತ್ತವೆ. ಹೋದ ಚೈತ್ರದಲ್ಲಿ ನಾನು ಹೋದಾಗ ಮಂದೆಯ ಜೊತೆ ಬಂದಿದ್ದವಳು ಕಾಟಯ್ಯನ ವಂಶದ ಬೋರಮ್ಮ. ದನಗಳೆಲ್ಲ ಕುಡಿಯುತ್ತಿದ್ದವು, ಆಕೆ ದಡದ ಮೇಲೆ, ಬರಿದಾದ ಪ್ಲಾಸ್ಟಿಕ್ ಕ್ಯಾನು ಪಕ್ಕಕ್ಕಿಟ್ಟುಕೊಂಡು, ಒಣಗಿದ ತುಟಿ ಸವರಿಕೊಳ್ಳುತ್ತ ಕುಳಿತಿದ್ದಳು.

‘ಎದುರಿಗೇ ಇಷ್ಟು ನೀರಿದೆ, ಬಾಯಾರಲ್ವೇನಮ್ಮ?’ ಎಂದೆ.

‘ಆರ್ತದೆ ಸ್ವಾಮಿ. ಆರಲಿ ಅಂತಲೇ ಅಲ್ವಾ ನಮ್ಮ ಹಿರೀಕರು ಈ ನೀರು ಬಿಟ್ಟಿದ್ದು’ ಎಂದು, ದನಗಳ ಕಡೆಗೆ ತಿರುಗಿ ಕುಳಿತಳು.